ಮಚ್ಚೆಯ ಪಕ್ಕದ ಸ್ಕೇಲು

ಚರ್ಮದ ಮೇಲಿನ ಮಚ್ಚೆ ನಿರುಪದ್ರವಿಯೋ ಅಥವಾ ಮೆಲನೋಮ ಎಂಬ ಕ್ಯಾನ್ಸರೋ ಎಂಬುದನ್ನು ಕಂಪ್ಯೂಟರ್ ವೈದ್ಯರಷ್ಟೇ ಚೆನ್ನಾಗಿ ಹೇಳಬಲ್ಲದೆಂದು ನೀವು ಓದಿರಬಹುದು. ಈ ಮಾತಿಗೆ ಹೆಚ್ಚು ಪ್ರಚಾರ ಕೊಟ್ಟದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. 1,29,450 ಚಿತ್ರಗಳಿಂದ ಕಲಿತ ಗಣಕವನ್ನು 21 ಚರ್ಮತಜ್ಞರೊಡನೆ ಹೋಲಿಸಿದ ಈ ಕೆಲಸ ಶ್ಲಾಘನೀಯವೇ. ಆದರೆ ಗಣಕ ಗುರುತಿಸಿದ್ದು ಏನನ್ನು?

ಉತ್ತರದ ಒಂದು ಭಾಗ ಆ ತಂಡದವರಿಂದಲೇ ಬಂತು. ಸ್ಕೇಲು ಇರುವ ಚಿತ್ರವನ್ನು ಗಣಕ ಕ್ಯಾನ್ಸರ್ ಎನ್ನುವ ಸಂಭವ ಹೆಚ್ಚು ಎಂದು ಅವರಲ್ಲಿ ಕೆಲವರು 2018ರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಕಾರಣ ಸರಳ. ವೈದ್ಯರು ಸ್ಕೇಲು ಇಟ್ಟು ಫೋಟೊ ತೆಗೆಯುವುದು ಸಾಮಾನ್ಯವಾಗಿ ತಮಗೆ ಅನುಮಾನ ಬಂದ ಮಚ್ಚೆಯನ್ನು. ಯಂತ್ರ ಒಂದಿಷ್ಟು ಮಟ್ಟಿಗೆ ಕಲಿತದ್ದು ರೋಗವನ್ನಲ್ಲ, ವೈದ್ಯರ ಅನುಮಾನವನ್ನು!

ಇನ್ನು ಬಣ್ಣ. ಮೆಲನಿನ್ ವರ್ಣಕ ಮೇಲ್ಪದರದಲ್ಲಿದ್ದರೆ ಮಚ್ಚೆ ಕಂದಾಗಿಯೋ ಕಪ್ಪಾಗಿಯೋ ಕಾಣುತ್ತದೆ; ಆಳದಲ್ಲಿದ್ದರೆ ನೀಲಿಯಾಗಿ. ಕಡಿಮೆ ತರಂಗದೂರದ ನೀಲಿ ಬೆಳಕು ಮೆಲನಿನ್ನನ್ನು ತಲುಪುವ ಮೊದಲೇ ಚದರಿ ಹಿಂದಿರುಗುತ್ತದೆ. ಆಳಕ್ಕಿಳಿದ ಕೆಂಪು ಬೆಳಕನ್ನು ಮೆಲನಿನ್ ಹೀರಿಕೊಳ್ಳುತ್ತದೆ. ‘ನೀಲಿ ಮಚ್ಚೆ’ ಸಾಮಾನ್ಯವಾಗಿ ಅಪಾಯವಿಲ್ಲದ್ದು. ಆಳಕ್ಕೆ ಬೆಳೆದ ಮೆಲನೋಮದಲ್ಲೂ ನೀಲಿ ಛಾಯೆ ಕಾಣಬಹುದು. ಬಣ್ಣ ಹೇಳುವುದು ಆಳವನ್ನು, ಕೋಶಗಳ ಸ್ವಭಾವವನ್ನಲ್ಲ.

ಬಯಾಪ್ಸಿ ಇದೆಯಲ್ಲ ಎನ್ನುತ್ತೀರಿ. ಸರಿ. 2017ರಲ್ಲೇ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಅಧ್ಯಯನದಲ್ಲಿ 187 ಪೆಥಾಲಜಿಸ್ಟರು ಒಟ್ಟು 240 ಬಯಾಪ್ಸಿಗಳ ಸ್ಲೈಡುಗಳನ್ನು ಹಂಚಿಕೊಂಡು ನೋಡಿ ಐದು ವರ್ಗಗಳಾಗಿ ವಿಂಗಡಿಸಿದರು. ತಜ್ಞರ ಸಮಿತಿಯ ನಿರ್ಣಯದೊಡನೆ ಅವರ ಹೊಂದಿಕೆ ಸಾಮಾನ್ಯ ಮಚ್ಚೆಗಳಲ್ಲಿ ಶೇ. 92, ಮುಂದುವರಿದ ಮೆಲನೋಮದಲ್ಲಿ ಶೇ. 72. ನಡುವಿನ ಮೂರು ವರ್ಗಗಳಲ್ಲಿ ಮಾತ್ರ ಕ್ರಮವಾಗಿ ಶೇ. 25, 40 ಮತ್ತು 43! ನಿಜವಾದ ಸಂದೇಹವಿರುವುದೇ ಆ ನಡುವಿನಲ್ಲಿ. ಅಳತೆಗೋಲೇ ಅಲುಗಾಡುತ್ತಿರುವಾಗ ಅದರಿಂದ ಅಳೆದ ನಿಖರತೆಯನ್ನು ದಶಮಾಂಶಗಳಲ್ಲಿ ಹೇಳಿದರೆ ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳೂ ಒಪ್ಪಲಾರರು.

ಒಂದೇ ಕ್ಷಣದ ಚಿತ್ರದಲ್ಲಿ ಕಾಲದ ಆಯಾಮವೂ ಇರುವುದಿಲ್ಲ. ತಿಂಗಳುಗಳಲ್ಲಿ ಮಚ್ಚೆ ಬದಲಾಗುತ್ತಿದೆಯೇ ಎಂಬುದು ಮುಖ್ಯ ಸುಳಿವು. ಅಲ್ಲದೆ ಇಂಥ ಚಿತ್ರಸಂಗ್ರಹಗಳಲ್ಲಿ ಬಹುಪಾಲು ಬಿಳಿ ಚರ್ಮದವರವು. ನಮ್ಮಲ್ಲಿ ಮೆಲನೋಮ ವಿರಳ. ಬಂದಾಗ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಅಲ್ಲಿ ಹೊಸದಾಗಿ ಕಪ್ಪು ಕಲೆಯೋ ಗೆರೆಯೋ ಮೂಡಿ ಅಗಲವಾಗುತ್ತಿದ್ದರೆ ಮೊಬೈಲ್ ಕ್ಯಾಮೆರಾದ ತೀರ್ಪಿಗೆ ಕಾಯಬೇಡಿ, ಚರ್ಮವೈದ್ಯರಿಗೆ ತೋರಿಸಿ.