ಕೊಲ್ಹಾರದ ಪರಿಸರದ ಸ್ಥಳನಾಮಗಳು: ಒಂದು ವಿಮರ್ಶೆ

ಊರ ಹೆಸರುಗಳನ್ನು ಇತಿಹಾಸದ ಆಕರಗಳೆಂದು ಎಣಿಸುವ ಪದ್ಧತಿ ಕನ್ನಡದಲ್ಲಿ ಬಲಗೊಂಡುದು ಶಂ. ಬಾ. ಜೋಶಿಯವರಿಂದ. ಮಹಾರಾಷ್ಟ್ರದ ಸ್ಥಳನಾಮಗಳ ಆಧಾರದಿಂದ ಆ ನೆಲದಲ್ಲಿ ಕನ್ನಡದ ಪ್ರಾಚೀನತೆಯನ್ನು ಅವರು ಪ್ರತಿಪಾದಿಸಿದರು. ಅವರ ವಾದದ ಬಲವಿರುವುದು ಒಂದೊಂದು ಹೆಸರಿನಲ್ಲಲ್ಲ, ಹೆಸರುಗಳ ಸಮೂಹದಲ್ಲಿ. ಈ ಭೇದವನ್ನು ಮರೆತು ಒಂದೇ ಹೆಸರಿನ ಇಂದಿನ ರೂಪವನ್ನು ಹಿಡಿದು ಊರಿನ ಚರಿತ್ರೆಯನ್ನೇ ಕಟ್ಟುವ ಪ್ರವೃತ್ತಿ ಅನಂತರ ಬೆಳೆಯಿತು. ಅದು ಎಷ್ಟರ ಮಟ್ಟಿಗೆ ಗ್ರಾಹ್ಯವೆಂಬುದನ್ನು ಕೃಷ್ಣಾ ತೀರದ ಕೊಲ್ಹಾರ ಹಾಗೂ ಅದರ ನೆರೆಯ ಕೆಲವು ಹೆಸರುಗಳ ಮೂಲಕ ಪರೀಕ್ಷಿಸುವುದು ನಮ್ಮ ಉದ್ದೇಶ.

ಮೊದಲು ಮನಗೂಳಿಯನ್ನು ನೋಡೋಣ. ಇಂದಿನ ರೂಪವೊಂದನ್ನೇ ಗಮನಿಸಿದರೆ ಮನಸ್ಸು 'ಗೂಳಿ' ಎಂಬ ಪದದತ್ತ ಓಡುತ್ತದೆ. ಬಸವನ ನಾಡಿನಲ್ಲಿ ಆ ಅರ್ಥ ಸೊಗಸಾಗಿಯೂ ಹೊಂದುತ್ತದೆ. ಆದರೆ ಹನ್ನೆರಡನೆಯ ಶತಮಾನದ ಅಲ್ಲಿಯ ಶಾಸನಗಳಲ್ಲಿ ಊರಿನ ಹೆಸರು 'ಮಣಿಂಗವಳ್ಳಿ' ಎಂದಿದೆ. ಕೊನೆಯಲ್ಲಿರುವುದು ಗೂಳಿಯಲ್ಲ, 'ಪಳ್ಳಿ'ಯಿಂದ ಬಂದ 'ವಳ್ಳಿ'. ಶಿಲೆ ಉಳಿಯದೆ ಹೋಗಿದ್ದರೆ ಗೂಳಿಯ ಕಥೆಯೇ ಚರಿತ್ರೆಯಾಗಿ ನಿಲ್ಲುತ್ತಿತ್ತು.

ಇಂಡಿ ತಾಲೂಕಿನ ಸಾಲೋಟಗಿ ಇದಕ್ಕಿಂತಲೂ ಬೋಧಪ್ರದವಾದ ನಿದರ್ಶನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ ಕಂಬಶಾಸನದಲ್ಲಿ ಈ ಊರು 'ಪಾವಿಟ್ಟಗೆ'. ರಾಜನ ಮಂತ್ರಿ ನಾರಾಯಣನು ಇಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದು ನೆಲೆಸಿದರು. 'ಶಾಲೆ'ಯು 'ಪಾವಿಟ್ಟಗೆ'ಯೊಡನೆ ಕೂಡಿ ಇಂದಿನ ಹೆಸರು ಸಿದ್ಧವಾಯಿತೆಂಬ ನಿಷ್ಪತ್ತಿ ಧ್ವನಿನಿಯಮಕ್ಕೂ ಒಪ್ಪುತ್ತದೆ: ಸ್ವರಮಧ್ಯದ ಪಕಾರ ವಕಾರವಾಗುವುದು ಕನ್ನಡದ ಸಾಮಾನ್ಯ ಪ್ರವೃತ್ತಿ, 'ಮನೆ' 'ಮನಿ'ಯಾಗುವಂತೆ ಪದಾಂತ್ಯದ ಎಕಾರ ಇಕಾರವಾಗುವುದು ಈ ಭಾಗದ ನುಡಿಯ ಲಕ್ಷಣ. ಇಲ್ಲಿ ಹೆಸರು ಶಾಸನವನ್ನೂ ಶಾಸನ ಹೆಸರನ್ನೂ ಸಮರ್ಥಿಸುತ್ತವೆ.

ವಿಶೇಷಣಗಳೂ ಉಪೇಕ್ಷಣೀಯವಲ್ಲ. ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ ಎಂಬಲ್ಲಿ ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸುವ ಅವಶ್ಯಕತೆ ಕಾಣುತ್ತದೆ. ಬೆಳಗಾವಿಯ ಕಡೆ ಹಿರೇಬಾಗೇವಾಡಿ ಇರುವಂತೆ ಇಲ್ಲಿ ಬಸವನ ಬಾಗೇವಾಡಿಯಿದೆ. ಮೊದಲನೆಯದು ಗಾತ್ರವನ್ನು ಹೇಳಿದರೆ ಎರಡನೆಯದು ಜನರ ಭಕ್ತಿಯನ್ನು ಹೇಳುತ್ತದೆ.

ಇನ್ನು ಕೊಲ್ಹಾರ. 'ಕೊಲ್' ಎಂದೂ 'ಹಾರ' ಎಂದೂ ಕತ್ತರಿಸಿ ಕಥೆ ಹೆಣೆಯುವುದು ಸುಲಭ, ಅದು ಶಾಸ್ತ್ರವಾಗದು. ಕೋಲಾರ, ಕೊಲ್ಹಾಪುರಗಳೊಡನೆ ನಂಟು ಕಲ್ಪಿಸುವುದೂ ಸಾಲದು. ಕೋಲಾರವು ಗಂಗರ ಬಿರುದಿನಲ್ಲಿ ಬರುವ 'ಕುವಳಾಲ'ದಿಂದ ಬಂದುದು. ಕೊಲ್ಹಾಪುರವು ಶಾಸನಗಳ 'ಕೊಲ್ಲಾಪುರ'. ಬೇರೆ ಬೇರೆ ಮೂಲದ ಹೆಸರುಗಳು ಸವೆದು ಸಮೀಪದ ಧ್ವನಿಗಳಿಗೆ ಬಂದಿರುವಾಗ ಧ್ವನಿಸಾಮ್ಯವು ಮೂಲೈಕ್ಯಕ್ಕೆ ಪ್ರಮಾಣವಾಗಲಾರದು. ಮಹಾರಾಷ್ಟ್ರದಲ್ಲಿ ಪ್ರವರಾ ತೀರದಲ್ಲಿಯೂ ಒಂದು ಕೊಲ್ಹಾರವಿದೆಯೆಂಬುದನ್ನು ನೆನೆದರೆ ಈ ಎಚ್ಚರ ಇಮ್ಮಡಿಸಬೇಕು. ಎರಡೂ ನದೀತೀರದ ಊರುಗಳೆಂಬುದು ವಿಚಾರಾರ್ಹವಾದ ಸಂಗತಿ, ನಿರ್ಣಯವಲ್ಲ.

ಕೊಲ್ಹಾರದ ವಿಷಯದಲ್ಲಿ ವ್ಯುತ್ಪತ್ತಿಗಿಂತ ತುರ್ತಾದ ಕಾರ್ಯವೊಂದಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳೆಯ ಊರು ಮುಳುಗಡೆಗೆ ಒಳಗಾಗಿ, ಜನ ಹೊಸ ನೆಲೆಗೆ ಬಂದರು. ಕೊಲ್ಹಾರವೆಂಬ ಹೆಸರು ಅವರೊಡನೆ ಬಂದಿತು. ಇಂದು ಅದು ತಾಲೂಕಿನ ಹೆಸರೂ ಆಗಿದೆ, ಆಚೆ ದಡದ ಕೊರ್ತಿಯೊಡನೆ ಸೇರಿ ಸೇತುವೆಯ ಹೆಸರೂ ಆಗಿದೆ. ಆದರೆ ಹೊಲ, ಮಡು, ಹಳ್ಳ, ಓಣಿ, ಬಾವಿಗಳ ಹೆಸರುಗಳು ನೆಲಕ್ಕೆ ಅಂಟಿದವು. ನೆಲ ನೀರಿನಡಿ ಹೋದರೆ ಅವುಗಳಿಗೆ ವಲಸೆಯಿಲ್ಲ. ಊರ ಹೆಸರಿಗೆ ಶಾಸನದ ರಕ್ಷೆ ದೊರೆಯಬಹುದು. ಈ ಕಿರುಹೆಸರುಗಳಿಗಾದರೋ ಹಿರಿಯರ ನೆನಪು ಮತ್ತು ಹಳೆಯ ಭೂಮಾಪನದ ಕಾಗದಗಳೇ ಆಧಾರ. ಅಣೆಕಟ್ಟಿನ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರ ಕೃಷ್ಣಾ ನ್ಯಾಯಾಧಿಕರಣದ ತೀರ್ಪು ಅವಕಾಶ ನೀಡಿದೆ. ಮುಳುಗಡೆಯ ಪರಿಹಾರವನ್ನು ಎಕರೆಗಳಲ್ಲಿ ಲೆಕ್ಕ ಹಾಕುತ್ತಾರೆ. ಹೆಸರುಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆದುದರಿಂದ ನಮ್ಮ ಮತವಿಷ್ಟು: ಪ್ರಾಚೀನ ರೂಪವನ್ನು ಕಾಣದೆ ನಿಷ್ಪತ್ತಿಗೆ ಕೈಹಾಕಬಾರದು, ಒಂಟಿ ಹೆಸರಿನ ಮೇಲೆ ಚರಿತ್ರೆಯ ಭಾರ ಹೊರಿಸಬಾರದು. ಕೃಷ್ಣೆಯ ಎರಡೂ ದಡಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಹಿರಿಯರನ್ನು ಕೇಳಿ, ಹೊಲಗಳ ಹೆಸರನ್ನು ಉಚ್ಚಾರಸಹಿತವಾಗಿ ಬರೆದಿಟ್ಟರೆ ಅದು ಹತ್ತು ಊಹೆಗಳಿಗಿಂತ ಮೇಲಾದ ಸಂಶೋಧನೆಯಾದೀತು. ಅರ್ಥವನ್ನು ಮುಂದಿನವರು ಹೇಳಿಯಾರು. ಹೆಸರನ್ನು ಉಳಿಸಬೇಕಾದವರು ಇಂದಿನವರು.