ಝಾರಾ ಗೋಡೆಯ ಶಿಲುಬೆಗಳು

ಕಾನ್‌ಸ್ಟಾಂಟಿನೋಪಲ್ ಎಂದೊಡನೆ ನಮಗೆ ನೆನಪಾಗುವುದು 1453. ತುರ್ಕರು ನಗರ ಹಿಡಿದರು, ಯುರೋಪಿನವರು ಭಾರತಕ್ಕೆ ಜಲಮಾರ್ಗ ಹುಡುಕಿದರು ಎಂದು ಶಾಲೆಯಲ್ಲಿ ಉರುಹೊಡೆದವರು ನಾವು. ಅದಕ್ಕೂ ಎರಡೂವರೆ ಶತಮಾನ ಮೊದಲು, 1204ರ ಏಪ್ರಿಲ್‌ನಲ್ಲಿ, ಆ ನಗರವನ್ನು ಸೂರೆ ಹೊಡೆದವರು ಹೆಗಲಿಗೆ ಶಿಲುಬೆ ಹೊಲಿಸಿಕೊಂಡ ಕ್ರೈಸ್ತರೇ. ನಾಲ್ಕನೇ ಕ್ರುಸೇಡಿನ ಈ ಪ್ರಸಂಗವನ್ನು ವೆನಿಸ್ ವರ್ತಕರ ದುರಾಸೆಯ ಕಥೆಯಾಗಿ ಹೇಳುವುದು ರೂಢಿ. ಪೋಪ್ ಮೂರನೇ ಇನ್ನೊಸೆಂಟನನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ದುರಾಸೆ ಇರಲಿಲ್ಲವೆಂದಲ್ಲ. 33,500 ಜನರನ್ನೂ 4,500 ಕುದುರೆಗಳನ್ನೂ ಸಾಗಿಸಲು 85,000 ಬೆಳ್ಳಿ ಮಾರ್ಕ್ ಎಂದು 1201ರಲ್ಲಿ ವೆನಿಸ್ಸಿನ ಜೊತೆ ಕರಾರಾಯಿತು. ಮರುವರ್ಷ ವೆನಿಸ್ಸಿಗೆ ಬಂದಿಳಿದವರು ಸುಮಾರು ಮೂರನೇ ಒಂದು ಪಾಲು. ಸರದಾರರು ತಮ್ಮ ಬೆಳ್ಳಿ ಪಾತ್ರೆಗಳನ್ನೇ ಕೊಟ್ಟರೂ 34,000 ಮಾರ್ಕ್ ಬಾಕಿ ಉಳಿಯಿತು. ವೆನಿಸ್ಸಿನ ಅಧಿಪತಿ ಎನ್ರಿಕೊ ದಾಂಡೊಲೊ, ಕಣ್ಣು ಕಾಣದ ಮುದುಕ, ಉಪಾಯ ಹೇಳಿದ: ಏಡ್ರಿಯಾಟಿಕ್ ದಡದ ಝಾರಾವನ್ನು ಗೆದ್ದುಕೊಡಿ, ಸಾಲಕ್ಕೆ ಆಮೇಲೆ ನೋಡೋಣ. ಝಾರಾ ಕ್ಯಾಥೊಲಿಕರ ಊರು. ಅದರ ಒಡೆಯ ಹಂಗೆರಿಯ ದೊರೆ, ಕ್ರುಸೇಡಿಗೆ ಹರಕೆ ಹೊತ್ತವನು. ಮುಟ್ಟಿದರೆ ಬಹಿಷ್ಕಾರ ಎಂಬ ಪೋಪನ ಪತ್ರ ಪಾಳೆಯ ತಲುಪಿತ್ತು. ಊರವರು ಕೋಟೆಗೋಡೆಗೆ ಶಿಲುಬೆಗಳನ್ನು ನೇತುಹಾಕಿದರು. ನವೆಂಬರಿನಲ್ಲಿ ಊರು ಬಿತ್ತು.

ಮುಂದೆ 1208ರಲ್ಲಿ ಇಡೀ ಇಂಗ್ಲೆಂಡಿನ ಚರ್ಚುಗಳ ಪೂಜೆಯನ್ನೇ ನಿಲ್ಲಿಸಿದ ಪೋಪ್ ಇವನು. ಇಲ್ಲಿ ಮಾಡಿದ್ದೇನು? ಎಲ್ಲರನ್ನೂ ಬಹಿಷ್ಕರಿಸಿದ, ಫ್ರಾನ್ಸಿನ ಕಡೆಯವರು ತಪ್ಪೊಪ್ಪಿಕೊಂಡದ್ದೇ ಕ್ಷಮಿಸಿದ. ವೆನಿಸ್ಸಿನವರಿಗೆ ಕ್ಷಮೆ ಸಿಗಲಿಲ್ಲ, ಆದರೆ ಅವರ ಹಡಗು ಹತ್ತಲು ಉಳಿದವರಿಗೆ ಅಪ್ಪಣೆ ಸಿಕ್ಕಿತು. ಹಡಗಿಲ್ಲದೆ ಜೆರುಸಲೇಮಿಲ್ಲ. ಈ ಲೆಕ್ಕಾಚಾರ ಪಾಳೆಯದ ಪ್ರತಿಯೊಬ್ಬನಿಗೂ ಅರ್ಥವಾಗಿರಬೇಕು.

ಹೀಗಾಗಿ, ಜೆರುಸಲೇಮಿನ ಬದಲು ಆ ಹಡಗುಗಳಲ್ಲಿ ಕಾನ್‌ಸ್ಟಾಂಟಿನೋಪಲ್ ಕಡೆ ತಿರುಗಿ ಅದರ ಗೋಡೆಯ ಎದುರು ನಿಂತಾಗ ಅವರು ಪೋಪನನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಇಲ್ಲಿನ ಗ್ರೀಕ್ ಕ್ರೈಸ್ತರು ರೋಮಿಗೆ ತಲೆಬಾಗದವರು, ಯುದ್ಧ ನ್ಯಾಯವಾದದ್ದು, ಸತ್ತವರಿಗೆ ಪಾಪಮನ್ನಾ ಎಂದು ಜೊತೆಯಲ್ಲಿದ್ದ ಬಿಷಪ್ಪರೇ ಬೋಧಿಸಿದರು. 1095ರಲ್ಲಿ ಎರಡನೇ ಅರ್ಬನ್ ಜೆರುಸಲೇಮಿಗಾಗಿ ಘೋಷಿಸಿದ್ದ ಮನ್ನಾ ಈಗ ಎಲ್ಲಿ ಬೇಕೆಂದರಲ್ಲಿ ಚಲಾವಣೆಯಾಗುವ ನಾಣ್ಯ. (ಕ್ರುಸೇಡನ್ನು ಕನ್ನಡದಲ್ಲಿ ಧರ್ಮಯುದ್ಧ ಎನ್ನುವುದುಂಟು. ನಮ್ಮಲ್ಲಿ ಆ ಮಾತಿಗೆ ಕಟ್ಟುಪಾಡು ಮೀರದ ಯುದ್ಧವೆಂಬ ಅರ್ಥವೂ ಇರುವುದರಿಂದ ನಾನದನ್ನು ಬಳಸಲಾರೆ.)

ಬೆಳ್ಳಿ ಹೊರಲು ಹೇಸರಗತ್ತೆಗಳನ್ನು ಹಾಗಿಯಾ ಸೋಫಿಯಾದ ಒಳಕ್ಕೇ ಹೊಡೆದುಕೊಂಡು ಹೋದರೆಂದು ನಗರದಲ್ಲೇ ಇದ್ದ ನಿಕೆತಾಸ್ ಖೋನಿಯಾತೆಸ್ ಬರೆದಿದ್ದಾನೆ. ಗ್ರೀಕ್ ಚರ್ಚು ಕೈಸೇರಿತೆಂದು ಮೊದಲು ಹಿಗ್ಗಿದ ಇನ್ನೊಸೆಂಟ್, ವಿವರ ತಿಳಿದ ಮೇಲೆ ಕೆಂಡಾಮಂಡಲವಾಗಿ ಪತ್ರ ಬರೆದ. ವೆನಿಸ್ಸಿನ ತೊಮ್ಮಾಸೊ ಮೊರೊಸಿನಿಯನ್ನು ಅಷ್ಟರಲ್ಲಾಗಲೇ ಅಲ್ಲಿನ ಪೇಟ್ರಿಯಾರ್ಕ್ ಪೀಠಕ್ಕೆ ನೇಮಿಸಿದ್ದನ್ನು ಮಾತ್ರ ಆ ಕೋಪದಲ್ಲೂ ಹಿಂತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಹೊತ್ತು ತಂದ ನಾಲ್ಕು ಲೋಹದ ಕುದುರೆಗಳು ಇಂದಿಗೂ ವೆನಿಸ್ಸಿನ ಸಂತ ಮಾರ್ಕನ ಚರ್ಚಿನಲ್ಲಿವೆ. ಹೊರಗೆ ಬಾಗಿಲ ಮೇಲೆ ಕಾಣುವವು ನಕಲು, ಅಸಲಿ ಒಳಗಿವೆ.