ಮಿಚೆಲ್‌ರವರ ‘ಘೋಸ್ಟ್‌ರಿಟನ್’

ಇಂಗ್ಲೆಂಡಿನ ಡೇವಿಡ್ ಮಿಚೆಲ್‌ರವರು 1999ರಲ್ಲಿ ಪ್ರಕಟಿಸಿದ ಈ ಪ್ರಥಮ ಕಾದಂಬರಿಯು ನಾನಾ ದೇಶಗಳಲ್ಲಿ ನಡೆಯುವ ಬಿಡಿಕಥೆಗಳ ಸರಣಿಯಾಗಿದೆ. ನಮ್ಮ ‘ವಡ್ಡಾರಾಧನೆ’ಯ 19 ಕಥೆಗಳನ್ನು ಒಂದುಗೂಡಿಸುವುದು ಧರ್ಮೋದ್ದೇಶ, ಇಲ್ಲಿಯದಾದರೋ ಬರಿಯ ಆಕಸ್ಮಿಕ. ಟೋಕಿಯೋದ ಸುರಂಗರೈಲಿನಲ್ಲಿ ವಿಷವಾಯುವನ್ನು ಹರಡಿ ಓಕಿನಾವದಲ್ಲಿ ಅಡಗಿರುವವನೊಬ್ಬನು ತನ್ನ ಪಂಥದವರಿಗೆಂದು ಮಾಡಿದ ದೂರವಾಣಿಯ ಕರೆಯು ಟೋಕಿಯೋದ ಸಂಗೀತಮುದ್ರಿಕೆಗಳ ಅಂಗಡಿಯೊಂದಕ್ಕೆ ತಲಪುವುದು. ಬಾಗಿಲು ಹಾಕಿ ಹೊರಟಿದ್ದ ತರುಣನು ಅದಕ್ಕೆ ಓಗೊಡಲು ಹಿಂದಿರುಗಿದುದರಿಂದಲೇ ತಾನು ಮನಸೋತವಳನ್ನು ಮತ್ತೆ ಕಾಣುವನು. ಕರೆದವನಿಗೆ ಇದರ ಅರಿವೇ ಇಲ್ಲ! ತಂತಿಗಳಿಂದ ಬೆಸೆದ ಆಧುನಿಕ ಜೀವನವನ್ನು ಇಷ್ಟು ಮಿತವಾಗಿ ಚಿತ್ರಿಸಿದ ಸನ್ನಿವೇಶಗಳು ವಿರಳ. ಆದರೆ ಉಪಗ್ರಹಗಳ ಮೂಲಕ ಲೋಕವನ್ನು ಕಾಯುವ ಯಂತ್ರಬುದ್ಧಿಯು ನ್ಯೂಯಾರ್ಕಿನ ಬಾನುಲಿ ನಿರೂಪಕನೊಡನೆ ಸಂಭಾಷಿಸುವ ಭಾಗದಲ್ಲಿ ಆಕಸ್ಮಿಕಕ್ಕೂ ಒಬ್ಬ ಒಡೆಯನು ದೊರೆತಂತಾಗಿ, ಅಂಗಡಿಯ ಆ ಕರೆಯು ಉಂಟುಮಾಡಿದ್ದ ಬೆರಗು ಕುಂದಿದೆ.